ಬಾಟಲಿಯ ಬಾಳೆಗೆ ಸಾರಜನಕ: ನೈಟ್ರೇಟ್ ಎಷ್ಟು, ಅಮೋನಿಯಂ ಎಷ್ಟು?

ಟಿಶ್ಯೂ ಕಲ್ಚರ್ ಲ್ಯಾಬಿನ ಬೆಳಕಿನ ಕೋಣೆಯಲ್ಲಿ ಎರಡು ಬ್ಯಾಚಿನ ಬಾಟಲಿಗಳು ಅಕ್ಕಪಕ್ಕ ಇವೆ ಎಂದುಕೊಳ್ಳಿ. ಒಂದರಲ್ಲಿ ಜಿ-9 ತಳಿಯ ಬಾಳೆಯ ಚಿಗುರು ಹಸಿರಾಗಿ, ಗಟ್ಟಿಯಾಗಿ, ಬುಡದಲ್ಲಿ ಮೂರು ನಾಲ್ಕು ಮರಿ ಒಡೆದು ನಿಂತಿದೆ. ಇನ್ನೊಂದರಲ್ಲಿ ಎಲೆ ನೀರು ಕುಡಿದು ಊದಿದ ಹಾಗಿದೆ. ಟ್ಯೂಬ್‌ಲೈಟಿಗೆ ಹಿಡಿದರೆ ಎಲೆಯೊಳಗಿಂದ ಬೆಳಕು ಹಾಯುತ್ತದೆ, ಇಕ್ಕಳ ತಾಗಿಸಿದರೆ ಪಟ್ಟನೆ ಮುರಿಯುತ್ತದೆ. ಇದಕ್ಕೆ ಗಾಜುಗಟ್ಟುವುದು ಎನ್ನೋಣ. ಇಂಥ ಗಿಡವನ್ನು ಹೊರಗೆ ತಂದು ಟ್ರೇಗೆ ಹಾಕಿದರೆ ಎರಡು ದಿನವೂ ಬಾಳುವುದು ಕಷ್ಟ.

ಗಿಡ ಗಾಜುಗಟ್ಟಿದರೆ ಮೊದಲ ಅನುಮಾನ ಹಾರ್ಮೋನಿನ ಮೇಲೆ ಹೋಗುತ್ತದೆ. ಮರಿ ಒಡೆಸಲು ಹಾಕುವ ಬಿಎಪಿ ಎಂಬ ಹಾರ್ಮೋನ್ ಜಾಸ್ತಿಯಾಯಿತೇನೋ ಎಂದು ಅದನ್ನು ಇಳಿಸುತ್ತಾರೆ. ಎಷ್ಟೋ ಸಲ ಅದು ಸರಿಯಾದ ಅನುಮಾನವೇ. ಆದರೆ ಬಾಟಲಿಗೆ ಹಾಕಿದ ಲವಣದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ತೂಕ ಸಾರಜನಕ ಕೊಡುವ ಎರಡೇ ಲವಣಗಳದ್ದು. ಅವುಗಳ ಕಡೆ ಕಣ್ಣು ಹಾಯುವುದು ಕೊನೆಗೆ. ಮನೆಯಲ್ಲೋ ಶೆಡ್ಡಿನಲ್ಲೋ ಸಣ್ಣ ಲ್ಯಾಬ್ ಹಾಕುವವರು ಮತ್ತು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಬಾಟಲಿಯಲ್ಲಿ ಏನಿರುತ್ತದೆ

ಟಿಶ್ಯೂ ಕಲ್ಚರ್ ಎಂದರೆ ಗಿಡದ ಒಂದು ಚೂರನ್ನು ಸೂಕ್ಷ್ಮಾಣುಗಳಿಲ್ಲದ ಬಾಟಲಿಯಲ್ಲಿ ಇಟ್ಟು ಅದರಿಂದ ಪೂರ್ತಿ ಗಿಡ ಪಡೆಯುವುದು. ಬಾಳೆಯಲ್ಲಿ ಆ ಚೂರು ಕಂದಿನ ನಡುವಿನ ಬೆಳವಣಿಗೆಯ ತುದಿ. ಅಲ್ಲಿ ಮಣ್ಣಿಲ್ಲ, ಗೊಬ್ಬರವಿಲ್ಲ. ಬದಲಿಗೆ ಮೀಡಿಯಾ ಇರುತ್ತದೆ: ನೀರು, ಲವಣ, ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ, ಒಂದಿಷ್ಟು ವಿಟಮಿನ್, ಹಾರ್ಮೋನ್, ಗಟ್ಟಿ ಕಟ್ಟಲು 7–8 ಗ್ರಾಂ ಅಗರ್.

ಹೆಚ್ಚಿನ ಲ್ಯಾಬುಗಳು ಬಳಸುವುದು ಎಂಎಸ್ ಮೀಡಿಯಾ. ತೊಶಿಯೊ ಮುರಾಶಿಗೆ ಮತ್ತು ಫೋಲ್ಕೆ ಸ್ಕೂಗ್ ಅದನ್ನು ಪ್ರಕಟಿಸಿದ್ದು 1962ರಲ್ಲಿ. ಅವರು ಕೆಲಸ ಮಾಡುತ್ತಿದ್ದದ್ದು ತಂಬಾಕಿನ ಮೇಲೆ. ತಂಬಾಕು ಎಲೆಯ ರಸ ಹಾಕಿದರೆ ಕೋಶಗಳ ಗಂಟು ಜೋರಾಗಿ ಬೆಳೆಯುತ್ತಿತ್ತು. ಹುಡುಕುತ್ತಾ ಹೋದಾಗ ಅದರಲ್ಲಿ ದೊಡ್ಡ ಪಾಲು ರಸದಲ್ಲಿದ್ದ ಖನಿಜ ಲವಣಗಳದ್ದು ಮತ್ತು ಸಾರಜನಕದ್ದು ಎಂದು ತಿಳಿಯಿತು. ಹೀಗಾಗಿ ಹಳೆಯ ಮೀಡಿಯಾಗಳಿಗಿಂತ ಬಹಳ ಹೆಚ್ಚು ಸಾರಜನಕವಿರುವ ಸೂತ್ರ ಹುಟ್ಟಿತು. ಒಂದು ಮಾತು ನೆನಪಿರಲಿ. ಇದು ತಂಬಾಕಿನ ಗಂಟಿಗೆ ಹೊಂದಿಸಿದ ಸೂತ್ರ, ಬಾಳೆಯ ಚಿಗುರಿಗೆಂದು ಮಾಡಿದ್ದಲ್ಲ. ಬಾಳೆ ಇದಕ್ಕೆ ಚೆನ್ನಾಗಿ ಒಗ್ಗಿಕೊಂಡಿದೆ, ಎಲ್ಲ ಗಿಡಗಳೂ ಒಗ್ಗುವುದಿಲ್ಲ.

ಎಂಎಸ್‌ನಲ್ಲಿ ಸಾರಜನಕ ನೈಟ್ರೇಟ್, ಅಮೋನಿಯಂ ಎಂಬ ಎರಡು ರೂಪಗಳಲ್ಲಿರುತ್ತದೆ. ಅದು ಬರುವುದು ಎರಡು ಲವಣಗಳಿಂದ: ಲೀಟರಿಗೆ 1650 ಮಿಗ್ರಾಂ ಅಮೋನಿಯಂ ನೈಟ್ರೇಟ್, 1900 ಮಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಇದರಲ್ಲಿ ಅಪ್ಪಟ ಸಾರಜನಕ ಸುಮಾರು 840 ಮಿಗ್ರಾಂ. ಗ್ಲೈಸಿನ್ ಎಂಬ ಅಮೈನೋ ಆಮ್ಲವೂ 2 ಮಿಗ್ರಾಂ ಇರುತ್ತದೆ, ಸಾರಜನಕದ ಲೆಕ್ಕದಲ್ಲಿ ಅದು ಸೊನ್ನೆಗೆ ಸಮ.

ಗ್ರಾಂ ಬಿಟ್ಟು ಎಣಿಕೆಗೆ ಬರಬೇಕು

ಎರಡು ಲವಣಗಳನ್ನು ತೂಕದಲ್ಲಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಕೆಜಿ ನಿಂಬೆ, ಒಂದು ಕೆಜಿ ತೆಂಗಿನಕಾಯಿ ತೂಕದಲ್ಲಿ ಸಮವಾದರೂ ಎಷ್ಟು ಜನಕ್ಕೆ ತಲಾ ಒಂದು ಹಂಚಬಹುದು ಎನ್ನುವುದು ಎಣಿಸಿದರೆ ತಾನೇ ಗೊತ್ತಾಗುವುದು? ರಸಾಯನಶಾಸ್ತ್ರದ ಎಣಿಕೆಯ ಅಳತೆ ಮಿಲಿಮೋಲ್. 80 ಮಿಗ್ರಾಂ ಅಮೋನಿಯಂ ನೈಟ್ರೇಟ್ ಎಂದರೆ ಒಂದು ಮಿಲಿಮೋಲ್. 101 ಮಿಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕೂಡ ಒಂದು ಮಿಲಿಮೋಲ್.

ಈಗ ಎಂಎಸ್ ಅನ್ನು ಎಣಿಸೋಣ. 1650ನ್ನು 80ರಿಂದ ಭಾಗಿಸಿದರೆ 20.6. ಅಮೋನಿಯಂ ನೈಟ್ರೇಟಿನ ಪ್ರತಿ ಕಣದಲ್ಲಿ ಒಂದು ಅಮೋನಿಯಂ, ಒಂದು ನೈಟ್ರೇಟ್ ಇರುವುದರಿಂದ ಎರಡೂ ತಲಾ 20.6 ಬರುತ್ತವೆ. 1900ನ್ನು 101ರಿಂದ ಭಾಗಿಸಿದರೆ 18.8, ಅದು ಪೂರ್ತಿ ನೈಟ್ರೇಟ್. ಕೂಡಿದರೆ ನೈಟ್ರೇಟ್ 39.4, ಅಮೋನಿಯಂ 20.6, ಒಟ್ಟು 60 ಮಿಲಿಮೋಲ್. ಅನುಪಾತ ಹೆಚ್ಚುಕಡಿಮೆ 2ಕ್ಕೆ 1. ಮುಂದಿನ ಮಾತೆಲ್ಲ ನಿಂತಿರುವುದು 60 ಮತ್ತು 2:1 ಎಂಬ ಈ ಎರಡು ಸಂಖ್ಯೆಗಳ ಮೇಲೆ.

ಒಂದು ರಾಗಿ ಕಾಳು, ಇನ್ನೊಂದು ಬಿಸಿ ಮುದ್ದೆ

ನೈಟ್ರೇಟ್ ಎಂದರೆ ರಾಗಿ ಕಾಳು. ಕಣಜಕ್ಕೆ ಸುರಿದಿಟ್ಟರೆ ಕೆಡುವುದಿಲ್ಲ, ಬೇಕಾದಾಗ ತೆಗೆದು ಬಳಸಬಹುದು. ಗಿಡದ ಕೋಶದಲ್ಲೂ ಇಂಥ ಕಣಜವಿದೆ. ಕೋಶದ ನಡುವೆ ದೊಡ್ಡದಾಗಿ ತುಂಬಿಕೊಂಡಿರುವ ರಸದ ಚೀಲವೇ ಅದು. ಗಿಡ ನೈಟ್ರೇಟನ್ನು ಅಲ್ಲಿ ಕೂಡಿಡುತ್ತದೆ. ಆದರೆ ಕಾಳನ್ನು ಹಾಗೇ ತಿನ್ನಲಾಗದು, ಬೀಸಿ ಬೇಯಿಸಬೇಕು. ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ ನೈಟ್ರೇಟನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಕಿಣ್ವ ಅದನ್ನು ಅಮೋನಿಯಂ ಮಾಡುತ್ತದೆ. ಈ ಬೀಸುವ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ, ಮಾಲಿಬ್ಡಿನಂ ಲೋಹವೂ ಬೇಕು. ಎಂಎಸ್‌ನಲ್ಲಿ ಸೋಡಿಯಂ ಮಾಲಿಬ್ಡೇಟ್ ಲೀಟರಿಗೆ ಬರೀ 0.25 ಮಿಗ್ರಾಂ. ಸೂಕ್ಷ್ಮ ಪೋಷಕಗಳ ಸ್ಟಾಕ್, ಅಂದರೆ ಮುಂಚೆಯೇ ಮಾಡಿಡುವ ಗಾಢ ದ್ರಾವಣ, ಮಾಡುವಾಗ ಅದು ಮರೆತುಹೋದರೆ ನೈಟ್ರೇಟ್ ಎಷ್ಟಿದ್ದರೂ ಬೀಸುವ ಕಲ್ಲೇ ಇಲ್ಲದಂತೆ.

ಅಮೋನಿಯಂ ಎಂದರೆ ಬಿಸಿ ಮುದ್ದೆ. ಬೀಸುವ, ಬೇಯಿಸುವ ಕೆಲಸ ಮುಗಿದಿದೆ, ತಟ್ಟೆಗೆ ಹಾಕಿದರೆ ಊಟ. ಅದಕ್ಕೇ ಚಿಗುರು ಅದನ್ನು ಬೇಗ ಹೀರುತ್ತದೆ, ಬೆಳವಣಿಗೆ ಚುರುಕಾಗುತ್ತದೆ. ಆದರೆ ಮುದ್ದೆಯನ್ನು ಕಣಜಕ್ಕೆ ತುಂಬಲು ಬರುವುದಿಲ್ಲ. ಕೋಶದಲ್ಲಿ ಅಮೋನಿಯಂ ಗುಡ್ಡೆಯಾದರೆ ವಿಷ. ಒಳಗೆ ಬಂದದ್ದನ್ನು ಬಂದ ಹಾಗೇ ಗ್ಲುಟಮಿನ್ ಎಂಬ ಅಮೈನೋ ಆಮ್ಲಕ್ಕೆ ಕಟ್ಟಿಹಾಕಬೇಕು. ಕಟ್ಟಲು ಇಂಗಾಲದ ಚೌಕಟ್ಟು ಬೇಕು, ಅದು ಬರುವುದು ಸಕ್ಕರೆಯಿಂದ. ಮುದ್ದೆ ಬಡಿಸಲು ತಟ್ಟೆ ಬೇಕಲ್ಲ, ಹಾಗೆ. ಅಮೋನಿಯಂ ಅತಿಯಾದರೆ ಗಿಡ ತನ್ನ ಸಕ್ಕರೆಯನ್ನೆಲ್ಲ ತಟ್ಟೆ ಮಾಡುವುದಕ್ಕೇ ಸುರಿಯುತ್ತದೆ. ಕೋಶದ ಗೋಡೆ ಗಟ್ಟಿ ಮಾಡಲು ಉಳಿಯುವುದು ಕಡಿಮೆ. ಎಲೆ ಊದಿ ಗಾಜುಗಟ್ಟುವುದಕ್ಕೆ ಇದೂ ಒಂದು ಕಾರಣ. ಬಾಟಲಿಯೊಳಗಿನ ತೇವ, ಹೆಚ್ಚಿದ ಬಿಎಪಿ, ಕಡಿಮೆಯಾದ ಅಗರ್ ಸೇರಿಕೊಂಡರೆ ಕೆಲಸ ಇನ್ನಷ್ಟು ಕೆಡುತ್ತದೆ.

ಎರಡೂ ಏಕೆ ಬೇಕು: ಪಿಎಚ್ ಲೆಕ್ಕ

ಹಾಗಾದರೆ ನೈಟ್ರೇಟ್ ಒಂದನ್ನೇ ಕೊಟ್ಟರೆ ಆಗದೇ? ಕೆಲವು ಗಿಡಗಳಿಗೆ ಆಗುತ್ತದೆ, ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ. ಅಮೋನಿಯಂ ಒಂದನ್ನೇ ಕೊಟ್ಟರೆ ಮಾತ್ರ ಕೆಲಸ ಬೇಗ ಕೆಡುತ್ತದೆ. ಅದಕ್ಕೆ ಕಾರಣ ಪಿಎಚ್, ಅಂದರೆ ಮೀಡಿಯಾದ ಹುಳಿಯ ಅಳತೆ. ಹುಳಿ ಹೆಚ್ಚಿದಷ್ಟೂ ಪಿಎಚ್ ಸಂಖ್ಯೆ ಇಳಿಯುತ್ತದೆ.

ಗಿಡ ಒಂದು ಅಮೋನಿಯಂ ಒಳಗೆ ತೆಗೆದುಕೊಂಡರೆ ಲೆಕ್ಕ ಸರಿದೂಗಿಸಲು ಒಂದು ಆಮ್ಲ ಕಣವನ್ನು ಹೊರಗೆ ಬಿಡುತ್ತದೆ, ಮೀಡಿಯಾ ಹುಳಿಯಾಗುತ್ತದೆ. ನೈಟ್ರೇಟ್ ತೆಗೆದುಕೊಂಡಾಗ ಇದರ ತಿರುವುಮುರುವು, ಹುಳಿ ಇಳಿಯುತ್ತದೆ. ಮೀಡಿಯಾ ಮಾಡುವಾಗ ಪಿಎಚ್ 5.7–5.8ಕ್ಕೆ ಇಡುತ್ತೇವೆ. ಬಿಸಿ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವಿನಿಂದ ಹೊರಬರುವಾಗಲೇ ಅದು ಸ್ವಲ್ಪ ಇಳಿದಿರುತ್ತದೆ. ಮೊದಲ ದಿನಗಳಲ್ಲಿ ಚಿಗುರು ಅಮೋನಿಯಂ ಕಡೆಗೇ ಬಾಯಿ ಹಾಕುವುದರಿಂದ ಇನ್ನೂ ಇಳಿದು 5ಕ್ಕೂ ಕೆಳಗೆ ಹೋಗುವುದುಂಟು. ಅಮೋನಿಯಂ ಖಾಲಿಯಾಗುತ್ತಾ ನೈಟ್ರೇಟಿನ ಸರದಿ ಬಂದಾಗ ಮತ್ತೆ ಮೇಲೇರುತ್ತದೆ. ಎರಡನ್ನೂ ಕೂಡಿಸಿ ಕೊಟ್ಟರೆ ಒಂದು ಇನ್ನೊಂದರ ತಪ್ಪು ತಿದ್ದುತ್ತದೆ.

ಅಮೋನಿಯಂ ಒಂದೇ ಇದ್ದರೆ ತಿದ್ದುವವರಿಲ್ಲ. ಪಿಎಚ್ 4ರ ಆಸುಪಾಸಿಗೋ ಇನ್ನೂ ಕೆಳಕ್ಕೋ ಬಿದ್ದು ಬೆಳವಣಿಗೆ ನಿಲ್ಲುತ್ತದೆ. ನೈಟ್ರೇಟ್ ಒಂದೇ ಇದ್ದರೆ ಪಿಎಚ್ ಮೇಲೇರಿ ಕಬ್ಬಿಣ ಸಿಗದಂತಾಗುತ್ತದೆ. ಆಗ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದನ್ನು ನೋಡಿ "ಸಾರಜನಕ ಸಾಲದು" ಎಂದು ಇನ್ನಷ್ಟು ಪೊಟ್ಯಾಸಿಯಂ ನೈಟ್ರೇಟ್ ಸುರಿದರೆ ಬೆಂಕಿಗೆ ತುಪ್ಪ ಸುರಿದಂತೆ. ನಿಜವಾದ ಸಾರಜನಕದ ಕೊರತೆಯಲ್ಲಿ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ, ಅದೂ ನರದ ಸಮೇತ. ಗಿಡ ಹಳೆಯ ಎಲೆಯಿಂದ ಸಾರಜನಕ ಕಿತ್ತು ಹೊಸದಕ್ಕೆ ಕೊಡುತ್ತದೆ, ಕಬ್ಬಿಣವನ್ನು ಹಾಗೆ ಸುಲಭವಾಗಿ ಸಾಗಿಸಲು ಅದಕ್ಕೆ ಬಾರದು.

ಖಾಲಿ ಮಾಡಿದ ಬಾಟಲಿಯ ಅಗರನ್ನು ತೊಳೆದು ಚೆಲ್ಲುವ ಮೊದಲು ಒಂದು ಚಮಚದಷ್ಟನ್ನು ಹಿಸುಕಿ ಪಿಎಚ್ ಪಟ್ಟಿಗೆ ಒತ್ತಿ ನೋಡಿ. ನಾಲ್ಕು ವಾರ ಗಿಡ ಏನು ಉಂಡಿತು ಎನ್ನುವುದರ ಸುಳಿವು ಅದರಲ್ಲಿ ಸಿಗುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡುವ ಲ್ಯಾಬುಗಳು ಬಹಳ ಕಡಿಮೆ.

ಅರ್ಧ ಮಾಡಿದೆ ಎಂದರೆ ಏನು ಮಾಡಿದಿರಿ?

ಗಾಜುಗಟ್ಟಿದ ಚಿಗುರಿಗೆ ಲ್ಯಾಬಿನಲ್ಲಿ ಕೊಡುವ ಮೊದಲ ಮದ್ದು "ಅಮೋನಿಯಂ ನೈಟ್ರೇಟ್ ಅರ್ಧ ಮಾಡಿ". 1650ರ ಬದಲು 825 ಮಿಗ್ರಾಂ. ಗಿಡ ಸರಿಯಾದರೆ "ಅಮೋನಿಯಂ ಜಾಸ್ತಿಯಾಗಿತ್ತು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡುತ್ತಾರೆ. ಅದು ಅವಸರದ ತೀರ್ಮಾನ. ಈ ಒಂದು ಬದಲಾವಣೆಯಿಂದ ಅಮೋನಿಯಂ 10.3ಕ್ಕೆ ಇಳಿಯಿತು ನಿಜ, ಅದರ ಜೊತೆಗೆ ನೈಟ್ರೇಟ್ 29.1ಕ್ಕೆ, ಒಟ್ಟು ಸಾರಜನಕ 60ರಿಂದ 39.4ಕ್ಕೆ ಇಳಿದವು, ಅನುಪಾತವೂ 2.8ಕ್ಕೆ 1 ಆಯಿತು. ಗಿಡ ಸರಿಹೋದದ್ದು ಇದರಲ್ಲಿ ಯಾವುದರಿಂದ?

ಗೊತ್ತಾಗಬೇಕಾದರೆ ನಾಲ್ಕು ಮೀಡಿಯಾ ಮಾಡಬೇಕು. ಮೊದಲನೆಯದು ಪೂರ್ತಿ ಎಂಎಸ್: ಅಮೋನಿಯಂ ನೈಟ್ರೇಟ್ 1650, ಪೊಟ್ಯಾಸಿಯಂ ನೈಟ್ರೇಟ್ 1900. ಎರಡನೆಯದು ಎಲ್ಲರೂ ಮಾಡುವ 825 ಮತ್ತು 1900. ಮೂರನೆಯದರಲ್ಲಿ ಎರಡನ್ನೂ ಅರ್ಧ ಮಾಡಿ, 825 ಮತ್ತು 950. ಇದರಲ್ಲಿ ಪೊಟ್ಯಾಸಿಯಂ ಕೂಡ ಇಳಿಯುತ್ತದೆ, ಅದನ್ನು ತುಂಬಲು 700 ಮಿಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿ. ಒಟ್ಟು ಸಾರಜನಕ 30, ಅನುಪಾತ ಮಾತ್ರ ಮೊದಲಿನಂತೆಯೇ. ನಾಲ್ಕನೆಯದು 825 ಮತ್ತು 3985. ಇಲ್ಲಿ ಅಮೋನಿಯಂ ಅರ್ಧವಾಗಿದ್ದರೂ ಒಟ್ಟು 60ರಲ್ಲೇ ಇದೆ, ಪೊಟ್ಯಾಸಿಯಂ ಮಾತ್ರ ಎರಡರಷ್ಟಾಗುತ್ತದೆ.

ಎರಡು, ಮೂರು, ನಾಲ್ಕನೆಯ ಮೀಡಿಯಾಗಳಲ್ಲಿ ಅಮೋನಿಯಂ ಒಂದೇ ಅಳತೆ, 10.3. ಈ ಮೂರರಲ್ಲೂ ಗಾಜುಗಟ್ಟುವುದು ನಿಂತರೆ ತಪ್ಪು ಅಮೋನಿಯಂನದೇ. ಮೂರನೆಯದರಲ್ಲಿ ಮಾತ್ರ ನಿಂತು ನಾಲ್ಕನೆಯದರಲ್ಲಿ ಮುಂದುವರಿದರೆ ಒಟ್ಟು ಸಾರಜನಕವೇ ಅತಿಯಾಗಿತ್ತು. ನಾಲ್ಕು ಮೀಡಿಯಾಗಳಲ್ಲಿ ಯಾವುದರಲ್ಲೂ ನಿಲ್ಲದಿದ್ದರೆ ಸಾರಜನಕವನ್ನು ಬಿಟ್ಟು ಬಿಎಪಿ, ಅಗರ್, ಮುಚ್ಚಳದ ಗಾಳಿಯಾಟದ ಕಡೆ ಹೋಗಿ.

ಒಂದೊಂದಕ್ಕೂ ಕನಿಷ್ಠ 20 ಬಾಟಲಿ ಇರಲಿ. ಮೊದಲ ಸಬ್‌ಕಲ್ಚರಿನ, ಅಂದರೆ ಚಿಗುರನ್ನು ಹೊಸ ಮೀಡಿಯಾಕ್ಕೆ ದಾಟಿಸಿದ ಮೊದಲ ಸುತ್ತಿನ, ಫಲಿತಾಂಶ ನಂಬಬೇಡಿ. ಚಿಗುರು ಹಿಂದಿನ ಮೀಡಿಯಾದ ನೈಟ್ರೇಟನ್ನು ಕಣಜದಲ್ಲಿಟ್ಟುಕೊಂಡೇ ಬಂದಿರುತ್ತದೆ. ಎರಡನೆಯ ಸುತ್ತಿನಲ್ಲಿ, ಅಂದರೆ ಏಳೆಂಟು ವಾರದ ಹೊತ್ತಿಗೆ, ಕಾಣುವುದೇ ನಿಜ.

ಬೇರೆ ಗಿಡ, ಬೇರೆ ಹಸಿವು

ಗಟ್ಟಿ ಕಾಂಡದ ಗಿಡಗಳಲ್ಲಿ ಹಲವು ಪೂರ್ತಿ ಎಂಎಸ್‌ನಲ್ಲಿ ಒದ್ದಾಡುತ್ತವೆ. ಅಂಥವಕ್ಕೆ ಡಬ್ಲ್ಯೂಪಿಎಂ ಎಂಬ ಮೀಡಿಯಾ ಇದೆ, 1980ರಲ್ಲಿ ಲಾಯ್ಡ್ ಮತ್ತು ಮೆಕೌನ್ ಪ್ರಕಟಿಸಿದ್ದು. ಅಮೋನಿಯಂ ನೈಟ್ರೇಟ್ 400 ಮಿಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 556 ಮಿಗ್ರಾಂ, ಒಟ್ಟು ಸಾರಜನಕ 15 ಮಿಲಿಮೋಲಿಗೂ ತುಸು ಕಡಿಮೆ, ಎಂಎಸ್‌ನ ಕಾಲು ಭಾಗ. ಸ್ವಾರಸ್ಯವೆಂದರೆ ನೈಟ್ರೇಟ್–ಅಮೋನಿಯಂ ಅನುಪಾತ ಇಲ್ಲೂ ಸುಮಾರು 2:1. ಸೋಯಾ ಅವರೆಯ ಕೋಶಗಳಿಗಾಗಿ 1968ರಲ್ಲಿ ಬಂದ ಬಿ5 ಮೀಡಿಯಾದ ದಾರಿ ಬೇರೆ. ಪೊಟ್ಯಾಸಿಯಂ ನೈಟ್ರೇಟ್ 2500, ಅಮೋನಿಯಂ ಸಲ್ಫೇಟ್ ಬರೀ 134 ಮಿಗ್ರಾಂ, ಅಂದರೆ ಅನುಪಾತ 12ಕ್ಕೆ 1.

ಆರ್ಕಿಡ್ ಇವಕ್ಕೆಲ್ಲ ಅಪವಾದ. ಅದರ ಬೀಜದಲ್ಲಿ ಬುತ್ತಿಯೇ ಇರುವುದಿಲ್ಲ. ಕ್ಯಾಟ್ಲಿಯಾದಂಥ ಕೆಲವು ಆರ್ಕಿಡ್‌ಗಳ ಎಳೆಯ ಸಸಿಗೆ ಮೊದಮೊದಲು ನೈಟ್ರೇಟ್ ಬೀಸುವ ಕಿಣ್ವವೇ ಸರಿಯಾಗಿ ಇರುವುದಿಲ್ಲ, ಹಲ್ಲು ಬಾರದ ಕೂಸಿನ ಹಾಗೆ. ಅದಕ್ಕೆ ಬೆಂದ ಊಟವೇ ಬೇಕು. ಆರ್ಕಿಡ್‌ಗೆಂದೇ ಇರುವ ನಡ್ಸನ್ ಸಿ ಮೀಡಿಯಾದಲ್ಲಿ ಅಮೋನಿಯಂ ಸಲ್ಫೇಟ್ 500 ಮಿಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 1000 ಮಿಗ್ರಾಂ ಇದ್ದು, ಎರಡು ರೂಪಗಳೂ ಹೆಚ್ಚುಕಡಿಮೆ ಸಮಸಮ.

ಬಾಳೆಗೆ ಮರಿ ಒಡೆಯುವ ಹಂತದಲ್ಲಿ ಪೂರ್ತಿ ಎಂಎಸ್ ನಡೆಯುತ್ತದೆ. ಬೇರು ಬಿಡಿಸುವಾಗ ಅರ್ಧ ಎಂಎಸ್ ಸಾಕು. ಸಾರಜನಕ ಇಳಿದು ಸಕ್ಕರೆಯ ಪಾಲು ಹೆಚ್ಚಾದಾಗ ಗಿಡ ಬೇರಿನ ಕಡೆ ಮನಸ್ಸು ಮಾಡುತ್ತದೆ.

ಗ್ಲುಟಮಿನ್, ಕೇಸೀನ್, ಎಳನೀರು, ಯೂರಿಯಾ

ನೇರವಾಗಿ ಅಮೈನೋ ಆಮ್ಲವನ್ನೇ ಕೊಡುವುದು ಕೈತುತ್ತು ಕೊಟ್ಟ ಹಾಗೆ. ಗ್ಲುಟಮಿನ್ ಅದರಲ್ಲಿ ಒಳ್ಳೆಯದು, ಆದರೆ ಬಿಸಿ ತಡೆಯದು. ಆಟೋಕ್ಲೇವಿಗೆ ಹಾಕಿದರೆ ಒಡೆದು ಅಮೋನಿಯಾ ಬಿಡುತ್ತದೆ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮೀಡಿಯಾ 50 ಡಿಗ್ರಿ ಆಸುಪಾಸಿಗೆ ಆರಿದ ಮೇಲೆ, ಅಗರ್ ಕಟ್ಟುವ ಮುಂಚೆ ಸೇರಿಸಬೇಕು.

ಕೇಸೀನ್ ಹೈಡ್ರೋಲೈಸೇಟ್ ಹಾಲಿನ ಪ್ರೋಟೀನನ್ನು ಒಡೆದು ಮಾಡಿದ ಪುಡಿ. ಲೀಟರಿಗೆ 200–500 ಮಿಗ್ರಾಂ ಹಾಕುವುದು ರೂಢಿ, ಆಟೋಕ್ಲೇವ್ ಮಾಡಬಹುದು. 500 ಮಿಗ್ರಾಂ ಹಾಕಿದರೂ ಅದರಿಂದ ಬರುವ ಸಾರಜನಕ 100 ಮಿಗ್ರಾಂ ದಾಟದು, ಹಾಗಾಗಿ ಇದು ಊಟವಲ್ಲ, ಉಪ್ಪಿನಕಾಯಿ. ಬಾಳೆಯಲ್ಲಿ ಇದರಿಂದ ಒಂದು ತೊಂದರೆಯೂ ಉಂಟು, ಒಂದು ಉಪಯೋಗವೂ ಉಂಟು. ಗಿಡದೊಳಗೆ ಅಡಗಿದ ಬ್ಯಾಕ್ಟೀರಿಯಾಗಳಿಗೂ ಇದು ಔತಣವಾದ್ದರಿಂದ ಬುಡದ ಸುತ್ತ ಹಾಲಿನಂಥ ಮಂಜು ಬೇಗ ಕಾಣಿಸಿಕೊಳ್ಳುತ್ತದೆ. ಸೋಂಕಿರುವ ಸಾಲನ್ನು ಮೊದಲೇ ಎತ್ತಿ ಹಾಕಲು ಕೆಲವರು ಬೇಕೆಂದೇ ಇದನ್ನು ಬಳಸುತ್ತಾರೆ.

ಎಳನೀರಿನಲ್ಲಿ ಅಮೈನೋ ಆಮ್ಲಗಳಿವೆ, ಜೊತೆಗೆ ಚಿಗುರೊಡೆಸುವ ಹಾರ್ಮೋನೂ ಇದೆ. ಅದರ ಪರಿಣಾಮವನ್ನು ಸಾರಜನಕದ ಖಾತೆಗೆ ಬರೆಯಬೇಡಿ.

ಯೂರಿಯಾ ಅಗ್ಗ, ಹೊಲದಲ್ಲಿ ಎಲ್ಲರೂ ಬಳಸುತ್ತಾರೆ, ಬಾಟಲಿಗೇಕೆ ಬೇಡ ಎಂಬ ಪ್ರಶ್ನೆ ಸಹಜ. ಆಟೋಕ್ಲೇವಿನ ಬಿಸಿಗೆ ಯೂರಿಯಾ ಒಂದಿಷ್ಟು ಒಡೆದು ಅಮೋನಿಯಾ ಆಗುತ್ತದೆ, ಎಷ್ಟು ಉಳಿಯಿತೆಂಬ ಲೆಕ್ಕ ಸಿಗುವುದಿಲ್ಲ. ಉಳಿದದ್ದನ್ನು ಒಡೆಯಲು ಗಿಡದ ಯೂರಿಯೇಸ್ ಕಿಣ್ವಕ್ಕೆ ನಿಕ್ಕಲ್ ಬೇಕು, ಎಂಎಸ್ ಸೂತ್ರದಲ್ಲಿ ನಿಕ್ಕಲ್ ಇಲ್ಲ. ಮಣ್ಣಿನಲ್ಲಿ ಆ ಕೆಲಸ ಮಾಡಿಕೊಡುವ ಸೂಕ್ಷ್ಮಾಣುಗಳನ್ನಂತೂ ಬಾಟಲಿಯೊಳಗೆ ನಾವೇ ಬಿಟ್ಟುಕೊಳ್ಳುವುದಿಲ್ಲ.

ತೂಗುವಾಗ, ಕರಗಿಸುವಾಗ

ಹತ್ತು ಪಟ್ಟು ಸ್ಟಾಕಿಗೆ ಲೀಟರಿಗೆ 16.5 ಗ್ರಾಂ ಅಮೋನಿಯಂ ನೈಟ್ರೇಟ್, 19 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್. ಇದರಿಂದ 100 ಮಿಲಿ ತೆಗೆದರೆ ಒಂದು ಲೀಟರ್ ಮೀಡಿಯಾಕ್ಕೆ ಸಾಕು. ಅಮೋನಿಯಂ ನೈಟ್ರೇಟ್ ನೀರಿಗೆ ಬಿದ್ದಾಗ ಬೀಕರ್ ಕೈಗೆ ತಣ್ಣಗೆ ತಾಗುತ್ತದೆ, ಹೊರಮೈಯಲ್ಲಿ ಹನಿಗಟ್ಟುವುದೂ ಉಂಟು. ಗಾಬರಿ ಬೇಡ, ಅದು ಕರಗುವಾಗ ಸುತ್ತಲಿನ ಬಿಸಿ ಹೀರಿಕೊಳ್ಳುತ್ತದೆ. ತಣ್ಣಗಿರುವಾಗಲೇ ಗೆರೆಗೆ ನೀರು ತುಂಬಬೇಡಿ, ಕೋಣೆಯ ಬಿಸಿಗೆ ಬಂದ ಮೇಲೆ ತುಂಬಿ.

ಡಬ್ಬಿಯಲ್ಲಿ ಅದು ಹೆಂಟೆಗಟ್ಟಿದ್ದರೆ ತೇವ ಹೀರಿದೆ ಎಂದರ್ಥ. ಹಾಗೇ ತೂಗಿದರೆ ನೀರನ್ನೂ ಲವಣವೆಂದು ತೂಗಿದಂತೆ, ಮೀಡಿಯಾದಲ್ಲಿ ಸಾರಜನಕ ಕಡಿಮೆ ಬೀಳುತ್ತದೆ. ಮಳೆಗಾಲದ ಬ್ಯಾಚುಗಳು ಕಾರಣವಿಲ್ಲದೆ ಬಡಕಲಾಗಿದ್ದರೆ ಮೊದಲು ಡಬ್ಬಿಯ ಮುಚ್ಚಳ ನೋಡಿ. ಕ್ಯಾಲ್ಸಿಯಂ ಸ್ಟಾಕನ್ನು ಫಾಸ್ಫೇಟ್, ಸಲ್ಫೇಟ್ ಇರುವ ಸ್ಟಾಕಿನ ಜೊತೆ ಬೆರೆಸಿಡಬೇಡಿ, ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ.

ಅಮೋನಿಯಂ ನೈಟ್ರೇಟ್ ಸ್ಫೋಟಕ ತಯಾರಿಕೆಗೂ ಬಳಕೆಯಾಗುವುದರಿಂದ ನಮ್ಮ ದೇಶದಲ್ಲಿ 2012ರ ಅಮೋನಿಯಂ ನೈಟ್ರೇಟ್ ನಿಯಮಗಳಡಿ ಅದರ ಮಾರಾಟ, ದಾಸ್ತಾನಿನ ಮೇಲೆ ಬಿಗಿ ಇದೆ. ಅದಕ್ಕೇ ಸಣ್ಣ ಲ್ಯಾಬುಗಳು ಎಲ್ಲ ಲವಣ ಬೆರೆಸಿದ ಎಂಎಸ್ ಪುಡಿಯ ಪೊಟ್ಟಣ ಕೊಳ್ಳುವುದು ಸಲೀಸು. ಬಿಡಿಯಾಗಿ ಮಾಡಲೇಬೇಕೆಂದರೆ ಅದೇ ಎಣಿಕೆಗೆ 1360 ಮಿಗ್ರಾಂ ಅಮೋನಿಯಂ ಸಲ್ಫೇಟ್ ಹಾಕಿ, ಪೊಟ್ಯಾಸಿಯಂ ನೈಟ್ರೇಟನ್ನು 3985 ಮಿಗ್ರಾಂಗೆ ಏರಿಸಬಹುದು. ಸಾರಜನಕ ಸರಿಹೋಗುತ್ತದೆ, ಪೊಟ್ಯಾಸಿಯಂ ಮತ್ತು ಸಲ್ಫೇಟ್ ಬಹಳ ಏರುತ್ತವೆ. ಆದ್ದರಿಂದ ನೇರವಾಗಿ ಇಡೀ ಬ್ಯಾಚಿಗೆ ಇಳಿಯದೆ ಹತ್ತಿಪ್ಪತ್ತು ಬಾಟಲಿಯಲ್ಲಿ ನೋಡಿ.

ಗೊಬ್ಬರದಂಗಡಿಯ 13:0:45 ಹೆಚ್ಚುಕಡಿಮೆ ಪೊಟ್ಯಾಸಿಯಂ ನೈಟ್ರೇಟೇ. ಕರಗಿಸಿ, ಸೋಸಿ ಬಳಸುವವರಿದ್ದಾರೆ. ಅದೇ ಅಂಗಡಿಯ ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ ಮೋಸ ಮಾಡುತ್ತದೆ. ಚೀಲದ ಮೇಲೆ 15.5 ಶೇಕಡಾ ಸಾರಜನಕ ಎಂದಿದ್ದರೆ ಅದರಲ್ಲಿ ಸುಮಾರು 1 ಶೇಕಡಾ ಅಮೋನಿಯಂ ರೂಪದ್ದು, ಹರಳಿನ ಸೂತ್ರವೂ ಲ್ಯಾಬಿನ ಕ್ಯಾಲ್ಸಿಯಂ ನೈಟ್ರೇಟಿನದಲ್ಲ. ಡಬ್ಲ್ಯೂಪಿಎಂ ಸೂತ್ರದಲ್ಲಿರುವ 556 ಮಿಗ್ರಾಂ ಅನ್ನು ಹಾಗೇ ತೂಗಿದರೆ ಕ್ಯಾಲ್ಸಿಯಂ ಕೂಡ, ಸಾರಜನಕ ಕೂಡ ಸೂತ್ರಕ್ಕಿಂತ ಜಾಸ್ತಿ ಬೀಳುತ್ತವೆ.

ಬಾಟಲಿಯಿಂದ ಹೊರಗೆ

ಬೇರು ಬಿಟ್ಟ ಸಸಿಯನ್ನು ಟ್ರೇಗೆ ಹಾಕುವ ಮುನ್ನ ಬೇರಿಗೆ ಅಂಟಿದ ಅಗರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು. ಅದರಲ್ಲಿ ಉಳಿದ ಸಕ್ಕರೆ, ಸಾರಜನಕ ಎರಡೂ ಶಿಲೀಂಧ್ರಕ್ಕೆ ಹಬ್ಬದೂಟ. ಮೊದಲ ಹತ್ತು ಹದಿನೈದು ದಿನ ಬರೀ ನೀರು, ನೆರಳು, ತೇವ. ಹೊಸ ಎಲೆ ಬಿಚ್ಚಿದ ಮೇಲೆ ಲೀಟರಿಗೆ ಒಂದು ಗ್ರಾಂ 19:19:19 ಸಿಂಪಡಣೆ ಶುರು ಮಾಡುತ್ತಾರೆ. ಆ ಪುಡಿಯ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ. ಬಾಟಲಿಯೊಳಗೆ ಬೇಡವೆಂದದ್ದನ್ನು ಈಗ ಆಟೋಕ್ಲೇವಿಗೆ ಹಾಕುವ ಪ್ರಮೇಯವಿಲ್ಲ, ಟ್ರೇಯ ಮಿಶ್ರಣದಲ್ಲಿ ಅದನ್ನು ಒಡೆಯುವ ಸೂಕ್ಷ್ಮಾಣುಗಳೂ ಇವೆ.